ಅವ್ವನ ರೊಟ್ಟಿ, ಅಪ್ಪನ ನಾಟಕ

ಮೊನ್ನೆ ಬೆಳಿಗ್ಗೆ ಮಗಳ ಫೋನು ಬಂತೆಂದು ಮಾತಿಗೆ ನಿಂತವಳು ಹಂಚಿನ ಮೇಲಿದ್ದ ರೊಟ್ಟಿಯನ್ನು ಮರೆತೆ. ಜೋಳದ ರೊಟ್ಟಿ ಹೊತ್ತಿದ ವಾಸನೆ ಬೇರೆ ಯಾವುದರ ಹಾಗೂ ಅಲ್ಲ. ಮೊದಲು ಹುರಿದ ಹಿಟ್ಟಿನ ಸಿಹಿ, ಆಮೇಲೆ ಒಣ ದಂಟಿಗೆ ಕಿಚ್ಚು ತಗುಲಿದಂಥ ಘಾಟು, ಕೊನೆಗೆ ಗಂಟಲಲ್ಲಿ ಕೂತು ಏಳದ ಕಹಿ. ಸೊಸೆ ಓಡಿ ಬಂದು ಗ್ಯಾಸ್ ಆರಿಸಿ, ‘ಅಡಿಗಿಮನಿ ತುಂಬ ಹೊಗಿ ಆಗೈತಿ, ನೀವು ನಗ್ತೀರಲ್ರೀ ಅತ್ತಿ?’ ಎಂದಳು. ನಗುತ್ತಿದ್ದೆನೇನೋ, ನನಗೆ ಗೊತ್ತಾಗಿರಲಿಲ್ಲ. ನೀವು ಹುಟ್ಟಿದ ಮನೆಯಲ್ಲಿ ರೊಟ್ಟಿ ಹೊತ್ತಿದರೆ ಬೈಗುಳ ಬೀಳುತ್ತಿತ್ತು ಅನ್ನಿ. ನಾನು ಹುಟ್ಟಿದ ಮನೆಯಲ್ಲಿ ಹೊತ್ತಿದ ರೊಟ್ಟಿಗೆ ಸಕ್ಕರೆ ಹಂಚುತ್ತಿದ್ದರು. ಆ ಮನೆ ಈಗಿಲ್ಲ. ಆಗಲೂ ಅದು ಒಂದು ಕಡೆ ಇರಲಿಲ್ಲ.

ನನ್ನ ಅಪ್ಪ ನಾಟಕ ಕಂಪನಿಯ ಮಾಲೀಕ. ಎಪ್ಪತ್ತರ ದಶಕದಿಂದ ಎಂಬತ್ತರ ನಡುವಿನವರೆಗೆ ನಾವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಗಾಣದ ಎತ್ತಿನ ಹಾಗೆ ಸುತ್ತಿದೆವು. ಒಂದೂರಲ್ಲಿ ಎರಡು ತಿಂಗಳು, ನಾಟಕ ಹಿಡಿದರೆ ಮೂರು. ಥಿಯೇಟರ್ ಎಂದರೆ ತಗಡಿನ ಗೋಡೆ, ತಾಡಪತ್ರಿಯ ಚಾವಣಿ, ಮಣ್ಣು ಏರಿಸಿ ಹಲಗೆ ಹಾಸಿದ ರಂಗ. ಆ ರಂಗದ ಬೆನ್ನಿಗೆ ನಾಲ್ಕು ತಗಡು ಮರೆ ಮಾಡಿಕೊಂಡು ನಮ್ಮ ಸಂಸಾರ. ಅವ್ವ ಹೊಸ ಊರಿಗೆ ಇಳಿದ ಕೂಡಲೇ ಮೂರು ಕಲ್ಲು ಹುಡುಕಿ ಒಲೆ ಹೂಡುತ್ತಿದ್ದಳು, ಆಮೇಲೆ ಉಚ್ಚಂಗೆಮ್ಮನ ಪಟವನ್ನು ಮೊಳೆಗೆ ಹಾಕುತ್ತಿದ್ದಳು. ಹೊಸ್ತಿಲೇ ಇಲ್ಲದ ಮನೆಯೇ ಎಂದು ಹಳೇ ಸೀನರಿಯ ಒಂದು ಮರದ ಪಟ್ಟಿಯನ್ನು ಬಾಗಿಲಿಗೆ ಅಡ್ಡ ಇಟ್ಟು ಅದಕ್ಕೇ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ನಾನು ಒಂದೇ ವರ್ಷ ಮೂರು ಶಾಲೆಗಳಲ್ಲಿ ಕೂತವಳು. ಒಂದು ಕಡೆ ಮಗ್ಗಿ ಹದಿನೈದಕ್ಕೆ ಬಂದಿದ್ದರೆ ಇನ್ನೊಂದು ಕಡೆ ಹನ್ನೆರಡಕ್ಕೇ ನಿಂತಿರುತ್ತಿತ್ತು. ಪಕ್ಕದ ಹುಡುಗಿಯ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಸಾಮಾನು ಹೇರುವ ಲಾರಿ ಬಂದು ನಿಲ್ಲುತ್ತಿತ್ತು. ‘ಎಲ್ಲ್ಯಾರ ಒಂದು ಮನಿ ಮಾಡೂಣ್ರಿ’ ಎಂದು ಅವ್ವ ಅಂದಾಗಲೆಲ್ಲ ಅಪ್ಪ, ‘ಇದೊಂದು ಕ್ಯಾಂಪ್ ಮುಗೀಲಿ’ ಎನ್ನುತ್ತಿದ್ದ. ಆದರೂ ಅಷ್ಟು ವರ್ಷ ಬಯಲಲ್ಲಿ ಮಲಗಿದ ನಮಗೆ ಒಂದು ಹುಳ ಮುಟ್ಟಲಿಲ್ಲ, ತಾಡಪತ್ರಿಗೆ ಒಂದು ಕಿಡಿ ಹಾರಲಿಲ್ಲ. ದಿನಾ ದೀಪ ಹಚ್ಚುವಾಗ ಇಂಥವನ್ನು ಎಣಿಸುವುದನ್ನು ನಾನು ಅವ್ವನಿಂದಲೇ ಕಲಿತೆ.

ಅಪ್ಪ ಓದಿದ್ದು ನಾಲ್ಕನೇ ಇಯತ್ತೆ. ಯಾವ ನಾಟಕ ಜನ ನೋಡುತ್ತಾರೆ, ಯಾವುದನ್ನು ನೋಡುವುದಿಲ್ಲ ಎಂದು ತಿಳಿಯಲು ಅವನಿಗೆ ಒಂದೇ ದಾರಿ ಗೊತ್ತಿತ್ತು. ಹೊಸ ನಾಟಕದ ಹಸ್ತಪ್ರತಿ ಕೈಗೆ ಬಂದರೆ, ಬೆಳಿಗ್ಗೆ ಅವ್ವ ಇಡೀ ಕಂಪನಿಗೆ ರೊಟ್ಟಿ ಬಡಿಯುವ ಹೊತ್ತಿಗೆ ಒಲೆಯ ಎದುರು ಮಣೆ ಹಾಕಿಕೊಂಡು ಗಟ್ಟಿಯಾಗಿ ಓದುತ್ತಿದ್ದ. ಪಕ್ಕದಲ್ಲಿ ಪೆಟ್ಟಿಗೆ ಮಾಸ್ತರ, ಅಂದರೆ ಹಾರ್ಮೋನಿಯಂ ನುಡಿಸುವ ವಿರೂಪಾಕ್ಷಪ್ಪ, ಬಾಯಲ್ಲೇ ಹಾಡು ಗುನುಗುತ್ತಿದ್ದ. ಅವ್ವನಿಗೆ ಯಾರೂ ಅಭಿಪ್ರಾಯ ಕೇಳುತ್ತಿರಲಿಲ್ಲ. ಅವಳ ಕೈಯನ್ನು ನೋಡುತ್ತಿದ್ದರು ಅಷ್ಟೆ. ಕಥೆ ಎಲ್ಲೋ ಅವಳನ್ನು ಹಿಡಿದು, ತಟ್ಟುವ ಕೈ ಹಿಟ್ಟಿನ ಮೇಲೆ ಹಾಗೇ ನಿಂತು, ಹಂಚಿನ ಮೇಲಿನ ರೊಟ್ಟಿ ಹೊತ್ತಿತೋ, ಅಪ್ಪ ಪುಸ್ತಕ ಮುಚ್ಚಿ ತೊಡೆ ತಟ್ಟುತ್ತಿದ್ದ. ‘ಹೊತ್ತಿತಲೇ ಮಾಸ್ತರ! ಹಾಕು ಬೋರ್ಡ್!’ ಕಂಪನಿಗೆಲ್ಲ ಸಕ್ಕರೆ ಹಂಚಿಸಿ, ಆ ಕರಕಲು ರೊಟ್ಟಿಯನ್ನು ಅವನೇ ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದ. ಅತ್ತಿಗೆ ನಾದಿನಿಯರ ಜಗಳದ ಒಂದು ನಾಟಕಕ್ಕೆ ಎರಡು ರೊಟ್ಟಿ ಹೊತ್ತಿದ್ದವು. ಅದು ಕೂಡ್ಲಿಗಿಯಲ್ಲಿ ಮೂರು ತಿಂಗಳು ಆಡಿತು. ಹಂಪಸಾಗರದ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದು ನೋಡಿ ಅತ್ತು ಹೋದರು.

ಹಡಗಲಿಯ ಕ್ಯಾಂಪಿನಲ್ಲಿ ನಮ್ಮ ಗ್ರಹಗತಿ ತಿರುಗಿತು. ಊರಿನ ಟೂರಿಂಗ್ ಟಾಕೀಸಿಗೆ ಹೊಸ ಸಿನಿಮಾಗಳು ಬೇಗ ಬೇಗ ಬರತೊಡಗಿದ್ದವು. ಹಳೇ ನಾಟಕಗಳು ಜನಕ್ಕೆ ಸಾಕಾಗಿದ್ದವು. ಅಪ್ಪ ಮೂರು ಹೊಸ ನಾಟಕ ತರಿಸಿ ಓದಿದ. ಮೂರಕ್ಕೂ ಅವ್ವನ ರೊಟ್ಟಿಗಳು ಬೆಳ್ಳಗೆ, ದುಂಡಗೆ, ಉಬ್ಬಿಕೊಂಡು ಎದ್ದವು. ಕಂಪನಿಯಲ್ಲಿ ಮೂವತ್ತು ಜನ. ಮುಂದಿನ ನಾಟಕ ಬೀಳುವುದೋ ಏಳುವುದೋ ಎಂಬುದರ ಮೇಲೆ ಅಷ್ಟೂ ಜನರ ಒಲೆ ನಿಂತಿತ್ತು. ನಾಯಕಿ ಪಾತ್ರದ ಶಾರದಕ್ಕ ದಿನಾ ಹಿಟ್ಟು ನಾದಿಕೊಡಲು ಬರುತ್ತಿದ್ದಳು. ‘ಗೌರಕ್ಕಾ, ನಿನ್ನ ಕೈ ಭಾಳ ಹುಷಾರಾತು ನೋಡು. ಒಂದಾರ ಹೊತ್ತಸವಾ, ನಮ್ಮ ಹೊಟ್ಟಿ ತುಂಬಲಿ’ ಎಂದು ಅವ್ವನನ್ನು ಕೆಣಕುತ್ತಿದ್ದಳು. ಅವ್ವ ನಗುತ್ತಿರಲಿಲ್ಲ. ಅಪ್ಪ ಆ ದಿನಗಳಲ್ಲಿ ಒಂದು ಕಡೆ ಕೂಡುತ್ತಲೇ ಇರಲಿಲ್ಲ. ಉಣ್ಣುತ್ತ ಉಣ್ಣುತ್ತ ಎದ್ದು ಹೋಗಿ ತಗಡು ಬಡಿದು ನೋಡುವುದು, ಬರೆದ ಬೋರ್ಡನ್ನು ಅಳಿಸಿ ಮತ್ತೆ ಬರೆಸುವುದು, ಬಸ್ ನಿಲ್ದಾಣದವರೆಗೆ ಸುಮ್ಮನೆ ನಡೆದು ತಿರುಗಿ ಬರುವುದು. ಬಂದವನು, ‘ಮಂದಿ ಏನ್ ಮಾತಾಡಾಕತ್ಯಾರ?’ ಎಂದು ಹತ್ತು ವರ್ಷದ ನನ್ನನ್ನು ಕೇಳುತ್ತಿದ್ದ.

ನಾಲ್ಕನೆಯದನ್ನು ಅವನು ಎಲ್ಲಿಂದಲೂ ತರಿಸಲಿಲ್ಲ, ತಾನೇ ಹೇಳಿ ಮಾಸ್ತರನ ಕೈಯಲ್ಲಿ ಬರೆಸಿದ. ಕುರಿಗಾರರ ಪೈಕಿ ಕಣ್ಣಿಲ್ಲದ ಒಬ್ಬ ಹೆಣ್ಣುಮಗಳು ಕಂಬಳಿ ನೇಯುತ್ತ, ಸತ್ತ ಗಂಡನ ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವ ಕಥೆ. ಅವನ ಅಜ್ಜಿ ಹಾಗೇ ಇದ್ದಳಂತೆ. ಹಾಸ್ಯ ಒಂದು ಸಾಲೂ ಇಲ್ಲ, ಹಾಡು ಹದಿನೆಂಟು. ಒಂದು ಬೆಳಿಗ್ಗೆ ಓದಲು ಕೂತ. ನಾನು ಒಲೆಗೆ ಹತ್ತಿಕಟ್ಟಿಗೆ ಇಕ್ಕುತ್ತಿದ್ದೆ. ನಾಲ್ಕನೇ ಹಾಡಿಗೆ ಶಾರದಕ್ಕ ಸೆರಗು ಅಡ್ಡ ಹಿಡಿದು ಆಕಳಿಸಿದಳು. ಅವ್ವನ ಕೈ ಒಂದು ಸಲವೂ ತಪ್ಪಲಿಲ್ಲ. ಬುಟ್ಟಿಯಲ್ಲಿ ಬಿಳಿ ರೊಟ್ಟಿ ಏರುತ್ತಲೇ ಇತ್ತು. ಅಪ್ಪ ಪುಟ ತಿರುವುವಾಗಲೆಲ್ಲ ಆ ಬುಟ್ಟಿಯನ್ನು ನೋಡುತ್ತಿದ್ದ, ದನಿ ಸಣ್ಣದಾಗುತ್ತಿತ್ತು. ಕೊನೆಯ ದೃಶ್ಯದಲ್ಲಿ ಆ ಹೆಣ್ಣುಮಗಳು ಖಾಲಿ ಹಟ್ಟಿಗೆ ಮುಖ ಮಾಡಿ ಕುರಿಗಳನ್ನು ಕರೆಯುವ ಕಡೆ ಅವನಿಗೆ ಓದಲಾಗಲಿಲ್ಲ. ಪುಸ್ತಕ ಕೆಳಗಿಟ್ಟು ಮೂಗು ಒರೆಸಿಕೊಂಡ. ಆಗ ಅವ್ವ ಅವನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಹಂಚಿನ ಕಡೆ ತಿರುಗಿ ರೊಟ್ಟಿಯ ಮೇಲೆ ಕಣ್ಣಿಟ್ಟು ಕೂತಳು. ಅಂಚು ಕಂದಿತು, ನಡುವೆ ಕಪ್ಪು ಹರಿಯಿತು. ಅವಳು ಅದನ್ನು ತಿರುವಿ ಹಾಕಿ, ಇನ್ನೊಂದು ಮಗ್ಗುಲೂ ಹೊಗೆಯಾಡುವವರೆಗೆ ಕಾದಳು. ಮರೆತಿರಲಿಲ್ಲ. ನಾನು ಅವಳ ಮೊಣಕಾಲಿಗೆ ತಾಗಿಕೊಂಡೇ ಕೂತಿದ್ದೆ. ‘ಅವ್ವಾ’ ಎಂದೆ. ಅವಳು ನನ್ನ ಕೈ ಹಿಚುಕಿದಳು.

‘ಹೊತ್ತಿತಲ್ರೀ!’ ಎಂದು ಕೂಗಿದವನು ಮಾಸ್ತರ. ಅಪ್ಪ ರೊಟ್ಟಿ ಎತ್ತಿಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಬೆಣ್ಣೆ ಕೇಳದೆ, ಅದನ್ನು ಪೂರ್ತಿ ತಿಂದ.

ಹರಪನಹಳ್ಳಿಯಲ್ಲಿ ಆ ನಾಟಕ ರಂಗ ಏರಿತು. ಹೊಸ ಪರದೆ ಬರೆಸಿದರು, ನಿಜವಾದ ಮಗ್ಗ ತಂದು ರಂಗದ ಮೇಲೆ ಹೂಡಿದರು. ಶಾರದಕ್ಕ ಆಕಳಿಸಿದ್ದನ್ನು ಮರೆತು ಜೀವ ಒತ್ತೆ ಇಟ್ಟು ಹಾಡಿದಳು. ನಾನು ನೋಡಿದ್ದು ಮೊದಲ ಭಾನುವಾರದ ಮಧ್ಯಾಹ್ನದ ಆಟ. ಚಿಗಟೇರಿ, ಉಚ್ಚಂಗಿದುರ್ಗದ ಕಡೆಯವರು ತುಂಬಿದ್ದರು. ಎರಡನೇ ಅಂಕದ ಹೊತ್ತಿಗೆ ಹಿಂದಿನ ಸಾಲಿನಿಂದ ಯಾರೋ, ‘ಏ ಯವ್ವಾ, ಕಂಬಳಿ ನೇದದ್ದು ಸಾಕು, ಹೊಚ್ಚಿಕೊಂಡ್ ಮಲಗು!’ ಎಂದು ಕೂಗಿದ. ಜನ ನಕ್ಕರು. ಆಮೇಲೆ ಕಬ್ಬಿಣದ ಕುರ್ಚಿಗಳು ಒಂದೊಂದಾಗಿ ಕರ್ ಎಂದವು. ‘ಬಸ್ಸಿಗೆ ಹೊತ್ತಾತು ನಡೀರಿ’ ಎನ್ನುತ್ತ ಒಬ್ಬರ ಹಿಂದೆ ಒಬ್ಬರು ಎದ್ದು ಹೊರಟರು. ಕೊನೆಯ ಹಾಡನ್ನು ಶಾರದಕ್ಕ ಮುಂದಿನ ಎರಡು ಸಾಲಿನಲ್ಲಿ ಉಳಿದಿದ್ದವರಿಗೆ ಹಾಡಿದಳು. ಅಲ್ಲಿ ಕೂತಿದ್ದ ಒಬ್ಬ ಮುದುಕಿ ಮಾತ್ರ ನೆಲಕ್ಕೆ ಕೈ ಮುಟ್ಟಿಸಿ ಮುಗಿದು ಹೋದಳು. ಅಷ್ಟಾದರೂ ಆಯಿತಲ್ಲ ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ.

ಆ ನಾಟಕದಿಂದ ಕಂಪನಿ ಏಳಲಿಲ್ಲ. ಮಳೆಗಾಲಕ್ಕೆ ಮುಂಚೆ ಎಲ್ಲರೂ ಬೇರೆ ಬೇರೆ ಕಂಪನಿಗಳಿಗೆ ಚದುರಿದರು. ಶಾರದಕ್ಕ ಗದಗಿನ ಕಡೆಗೆ ಹೊರಟಾಗ ನನ್ನ ಗಲ್ಲ ಸವರಿ, ‘ಒಂದ ಸಾಲ್ಯಾಗ ಕುಂತು ಓದವಾ ಇನ್ನ’ ಎಂದಳು. ತಗಡುಗಳನ್ನು ಕೊಂಡವರು ಲಾರಿಗೆ ಹೇರುವ ದಿನ ಬಯಲಲ್ಲಿ ಉಳಿದಿದ್ದು ನಮ್ಮ ನಾಲ್ಕು ಟ್ರಂಕು, ಪಟ, ಪಾತ್ರೆ. ಅಪ್ಪ ಅವ್ವ ಒಂದೇ ಟ್ರಂಕಿನ ಮೇಲೆ ಕೂತಿದ್ದರು. ಅವ್ವ ಒಮ್ಮೆಲೆ ಅತ್ತುಬಿಟ್ಟಳು.

‘ನಾ ನಿಮಗ ಮೋಸ ಮಾಡೀನ್ರಿ. ಆ ರೊಟ್ಟಿ ತಾನಾಗಿ ಹೊತ್ತಲಿಲ್ಲ. ನಾನ ಬಿಟ್ಟಿದ್ದೆ.’

‘ಗೊತ್ತೈತಿ’ ಎಂದ ಅಪ್ಪ. ‘ಮರತ ರೊಟ್ಟಿ ಒಂದ ಮಗ್ಗಲಾ ಹೊತ್ತತೈತಿ. ಅದು ಎರಡೂ ಮಗ್ಗಲಾ ಹೊತ್ತಿತ್ತಲ್ಲ.’

ಅವ್ವನ ಅಳು ನಿಂತೇಹೋಯಿತು. ‘ಗೊತ್ತಿದ್ದೂ ಯಾಕ ಆಡಿಸಿದ್ರಿ? ಮೂವತ್ತು ಮಂದಿ ಹೊಟ್ಟಿಮ್ಯಾಲ ಕಲ್ಲು ಬಿತ್ತಲ್ರೀ.’

‘ಇಷ್ಟು ವರ್ಷ ಮಂದಿಗೆ ಬೇಕಾದ ನಾಟಕ ಆಡಿಸಿದೆ. ಒಂದು ನನಗ ಬೇಕಾದದ್ದು ಆಡಿಸಬೇಕು ಅಂತಿತ್ತು. ಯಾರಾರ ಒಬ್ರು ಹೂಂ ಅನ್ಲಿ ಅಂತ ಕುಂತಿದ್ದೆ. ನೀ ಅಂದಿ’ ಎಂದ ಅಪ್ಪ.

ಅವಳು ಅವನ ಮುಖ ನೋಡಲಾರದೆ ಹಾಗೆ ಮಾಡಿದಳೋ, ಈ ಸುತ್ತಾಟ ಮುಗಿಯಲಿ ಎಂಬ ಆಸೆಯೂ ಅದರಲ್ಲಿ ಒಂದು ಚೂರು ಸೇರಿತ್ತೋ ಎಂದು ಮದುವೆಯಾಗಿ ಸಂಸಾರ ಮಾಡಿದ ಮೇಲೆ ನನಗೆ ಅನಿಸಿದ್ದುಂಟು. ಕೇಳುವ ಧೈರ್ಯವಾಗಲಿಲ್ಲ. ಅವಳಿಗೇ ಅದು ಗೊತ್ತಿತ್ತೋ ಇಲ್ಲವೋ.

ಆಮೇಲೆ ಕೊಟ್ಟೂರಿನಲ್ಲಿ ಎರಡು ಖೋಲಿಯ ಒಂದು ಮನೆ ಸಿಕ್ಕಿತು, ಕಲ್ಲಿನ ಹೊಸ್ತಿಲಿನದು. ಕೊಟ್ಟೂರಯ್ಯನ ಗುಡಿಯ ಗಂಟೆ ಒಳಗೆ ಕೇಳುತ್ತಿತ್ತು. ನಾನು ಒಂದೇ ಶಾಲೆಯಲ್ಲಿ ಏಳನೆಯದರವರೆಗೆ ಓದಿದೆ. ಅಪ್ಪ ಹಳ್ಳಿಗಳ ಹುಡುಗರಿಗೆ ನಾಟಕ ಕಲಿಸುವ ಮಾಸ್ತರನಾಗಿ ಸುಗ್ಗಿಯ ನಂತರ ಊರೂರು ತಿರುಗಿ ಬರುತ್ತಿದ್ದ. ಅವ್ವ ಕೇಳಿದ್ದೆಲ್ಲ ದೇವರು ಕೊಟ್ಟಿದ್ದ. ಆದರೆ ಎರಡು ಮೂರು ತಿಂಗಳಾಯಿತೆಂದರೆ ಅವಳಿಗೆ ಏನೋ ಆಗುತ್ತಿತ್ತು. ಬೆಳಿಗ್ಗೆ ಎದ್ದವಳೇ ಸೆರಗು ಸಿಕ್ಕಿಸಿ ಟ್ರಂಕುಗಳನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆಯುವಳು, ಪಾತ್ರೆಗಳನ್ನು ಗೋಣಿಗೆ ತುಂಬಿ ಮತ್ತೆ ಬಿಚ್ಚುವಳು, ಪಟದ ಮೊಳೆ ಕಿತ್ತು ಬೇರೆ ಕಡೆ ಹೊಡೆಯುವಳು. ಅಪ್ಪ ಹಗ್ಗದ ಹೊರಸಿನ ಮೇಲೆ ಕಾಲು ಮಡಿಚಿ ಕೂತು ದಾರಿ ಬಿಟ್ಟುಕೊಟ್ಟು, ‘ಈಗ ಯಾವ ಊರಿಗೆ ಬಂದ್ವಿ?’ ಎಂದು ಕೇಳುತ್ತಿದ್ದ. ಅವಳು ಬೆವರು ಒರೆಸಿಕೊಂಡು, ‘ಹಡಗಲಿರಿ. ಮಂದಿ ಚಲೋ ಅದಾರಂತ’ ಎನ್ನುತ್ತಿದ್ದಳು. ‘ಹಂಗಾದ್ರ ಮೂರು ತಿಂಗಳು ಇರೂಣು’ ಎಂದು ಅವನು ಕಾಲು ಚಾಚುತ್ತಿದ್ದ.

ಅಪ್ಪ ತೀರಿಹೋದ ಮೂರನೇ ತಿಂಗಳು ನಾನು ತವರಿಗೆ ಬಂದಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗೆ ಟ್ರಂಕು ಎಳೆಯುವ ಸದ್ದು ಕೇಳಿಸಿತು. ಅವ್ವ ಒಬ್ಬಳೇ ಎಲ್ಲವನ್ನೂ ಆ ಗೋಡೆಗೆ ಸಾಗಿಸಿ ಮುಗಿಸಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ಹೊರಸಿನ ಕಡೆ ಮುಖ ಮಾಡಿ ನಿಂತಿದ್ದಳು. ನಾನು, ‘ಈಗ ಯಾವ ಊರವ್ವಾ?’ ಎಂದೆ.

ಅವಳು ನನ್ನ ಕಡೆ ತಿರುಗಿ, ಮನೆಯನ್ನೆಲ್ಲ ಒಮ್ಮೆ ನೋಡಿ, ‘ಕೊಟ್ಟೂರವ್ವ. ಇನ್ನೆಲ್ಲಿಗೆ ಹೋಗೂದೈತಿ’ ಎಂದಳು.