ಹೊತ್ತು ನೋಡಿ ಕಳಿಸುತ್ತಿದ್ದ ಕಾಕಾ

ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ ಅಚ್ಚುಕಟ್ಟಾಗಿ ಇಟ್ಟುಕೊಂಡು ಬರುತ್ತಿದ್ದ ಅಂಗಾರ ಅಕ್ಷತೆ ಮಧ್ಯಾಹ್ನದ ಹೊತ್ತಿಗೆ ಅವರ ಹಣೆಯ ಮೇಲೆ ಅಡ್ಡಡ್ಡ ಒರೆಸಿಹೋಗಿರುತ್ತಿತ್ತು. ಒರೆಸಿದ್ದು ಬೆವರಲ್ಲ, ಮೂರು ಬೆರಳು ಅಗಲದ ಒಂದು ಸೆಣಬಿನ ಪಟ್ಟಿ. ಆ ಪಟ್ಟಿಯನ್ನು ಹಣೆಗೆ ಕೊಟ್ಟುಕೊಂಡು, ಅದರ ಎರಡು ತುದಿಯ ಹಗ್ಗಕ್ಕೆ ಪೆಟ್ಟಿಗೆ ಕಟ್ಟಿ ಬೆನ್ನಿಗೇರಿಸಿ, ಇಂಡಿ ರೋಡ್ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಮುಂದೆ ಧೋತರ ಬಿಗಿದು ಅವರು ನಡೆದಾಡುತ್ತಿದ್ದರು. ಐವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ನೋಡಿದವರಿಗೆ ನಗು ಬರದೇ ಇರುತ್ತಿರಲಿಲ್ಲ. ಮೊದಲ ಸಲ ನನಗೂ ಬಂದಿತ್ತು.

ಅವರು ಮಾಲು ಕಳಿಸುವ ಫಾರ್ವರ್ಡಿಂಗ್ ಏಜೆಂಟರು. ಹಮಾಲರಿಂದ ಹಿಡಿದು ಸ್ಟೇಷನ್ ಮಾಸ್ತರರ ತನಕ ಎಲ್ಲರಿಗೂ ಕಾಕಾ. ಮನೆ ಝಳಕಿಯಲ್ಲಿ, ಮನೆಯೊಳಗಿನ ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಸ್ಟೇಷನ್ನಿನ ಪಕ್ಕದ ತಗಡಿನ ಕೋಣೆಯೇ ಆಫೀಸು. ವರ್ಷದ ಬಹುಪಾಲು ಇಂಡಿಯ ನಿಂಬೆಹಣ್ಣಿನ ಬುಟ್ಟಿಗಳನ್ನು ಸೊಲ್ಲಾಪುರ, ಮುಂಬಯಿ ಕಡೆ ಹತ್ತಿಸುವ ಕೆಲಸ. ಆದರೆ ಸಿಂದಗಿಯವನಿರಲಿ, ಬಾಗೇವಾಡಿ, ಮುದ್ದೇಬಿಹಾಳದವನಿರಲಿ, ನೇಪಾಳಕ್ಕೆ ಏನಾದರೂ ಕಳಿಸಬೇಕೆಂದರೆ ಅವರೊಬ್ಬರೇ ಗತಿ. ಹರೆಯದಲ್ಲಿ ಸೊಲ್ಲಾಪುರದ ಒಂದು ಸಾಗಣೆ ಪೇಢಿಯಲ್ಲಿ ಅದೇ ಕೆಲಸ ಕಲಿತವರು. ಸಮುದ್ರವೇ ಇಲ್ಲದ ಆ ಬೆಟ್ಟದ ದೇಶದ ದಾರಿ ಅವರಿಗೆ ಬಾಯಿಪಾಠ. ಇಲ್ಲಿಂದ ಸಣ್ಣ ರೈಲು, ಸೊಲ್ಲಾಪುರದಲ್ಲಿ ದೊಡ್ಡ ರೈಲು, ಬಿಹಾರದಲ್ಲಿ ಮತ್ತೆ ಸಣ್ಣದು, ರಕ್ಸೌಲಿನಲ್ಲಿ ಗಡಿ, ಗಡಿಯಾಚೆ ಲಾರಿ. ಲಾರಿಯ ಮುಂದೆ ಏನು ಎಂದು ಕೇಳಿದರೆ, "ಮುಂದ ಮನಷ್ಯಾ" ಎನ್ನುತ್ತಿದ್ದರು.

ಹಮಾಲರು ಅವರನ್ನು ಕಾಡುತ್ತಿದ್ದರು. "ಕಾಕಾರ, ಮುಂದಿನ ಜಲ್ಮಕ್ಕ ಎತ್ತು ಆಗಾಕ ಈಗಿಂದಽ ತಯಾರಿ ನಡಸೀರೇನ್ರಿ?"

"ಎತ್ತಿಗೆ ನಾಲ್ಕು ಕಾಲ ಅವಪಾ. ಅದರ ಪುಣ್ಯಾ ದೊಡ್ಡದು" ಎಂದು ಪಟ್ಟಿ ಸರಿಪಡಿಸಿಕೊಂಡು ಮುಂದೆ ಹೋಗುತ್ತಿದ್ದರು.

ನಾನು ಅವರ ಮುಂದೆ ಹೋಗಿ ನಿಂತದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಸೊಲ್ಲಾಪುರದ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು ಕೆಲಸ ಬಿಟ್ಟು, ಸಿಂದಗಿಯಲ್ಲಿ ಸಣ್ಣ ಕಾರ್ಖಾನೆ ಹಾಕಿದ್ದೆ. ಗೋವಿನಜೋಳದ ತೆನೆಯಿಂದ ಕಾಳು ಬಿಡಿಸುವ ಕೈಯಂತ್ರ ಮಾಡುತ್ತಿದ್ದೆವು. ನಮ್ಮ ಭಾಗದಲ್ಲಿ ಅದನ್ನು ಕೇಳುವವರು ಕಡಿಮೆ, ಬಾಗಿಲು ಮುಚ್ಚುವ ಹಂತಕ್ಕೆ ಬಂದಿದ್ದೆ. ಅಂಥ ಹೊತ್ತಿನಲ್ಲಿ ನೇಪಾಳದ ಒಂದು ಬೆಟ್ಟದ ಜಿಲ್ಲೆಯ ಕೃಷಿ ಆಫೀಸಿನಿಂದ ನಲವತ್ತು ಯಂತ್ರಗಳಿಗೆ ಆರ್ಡರು ಬಂತು. ಅಲ್ಲಿನ ಸುಗ್ಗಿಯ ಮೊದಲು ಮುಟ್ಟಬೇಕು, ಇಲ್ಲವಾದರೆ ಬೇಡ ಎಂದು ಕಾಗದದಲ್ಲಿ ಕಡ್ಡಿ ಮುರಿದಂತೆ ಬರೆದಿದ್ದರು. ಮಾಲು ತಡವಾದರೆ ಕಾರ್ಖಾನೆಗೆ ಬೀಗ, ನಾನು ಮತ್ತೆ ಗಿರಣಿಗೆ, ನನ್ನ ನಾಲ್ಕು ಜನ ಕೆಲಸಗಾರರು ಬೀದಿಗೆ. ಹೀಗಾಗಿ ಹಗಲೆಲ್ಲ ದುಡಿದು, ನಲವತ್ತು ದೊಡ್ಡ ಪೆಟ್ಟಿಗೆ ಮಾಡಿ, ಲಾರಿಗೆ ಹೇರಿಕೊಂಡು ಇಂಡಿ ರೋಡಿಗೆ ಬಂದಿದ್ದೆ.

ಕಾಕಾ ಒಂದು ಪೆಟ್ಟಿಗೆಯ ಮುಚ್ಚಳ ಎಬ್ಬಿಸಿ ನೋಡಿದರು. ಒಳಗೆ ಯಂತ್ರದ ಮೇಲೆ ಕುಂಕುಮ, ಪಕ್ಕದಲ್ಲಿ ಒಂದು ನಿಂಬೆಹಣ್ಣು.

"ಮಾಲಿನ ಯಾದಿಯೊಳಗ ನಿಂಬಿಹಣ್ಣ ಎಲ್ಲಿ ಬರದೀ?"

"ಹುಡುಗ್ರು ಪೂಜಾ ಮಾಡಿ ಇಟ್ಟಾರ್ರಿ. ದೃಷ್ಟಿ ಆಗಬಾರದಂತ."

"ಗಡಿಯೊಳಗಿನ ಸಾಹೇಬನ ದೃಷ್ಟಿ ಮದಲ ಇದರ ಮ್ಯಾಲೇ ಬೀಳ್ತದ. ಯಾದಿಯೊಳಗ ಇಲ್ಲದ್ದು ಒಂದು ಸಿಕ್ಕರ ನಲವತ್ತೂ ಪೆಟಗಿ ಬಿಚ್ಚಸ್ತಾನ."

ನಲವತ್ತು ನಿಂಬೆಹಣ್ಣೂ ಹೊರಗೆ ಬಂದವು. ಹಮಾಲರು ಅವತ್ತು ಹೊಟ್ಟೆ ತುಂಬ ಶರಬತ್ತು ಕುಡಿದರು. ಇಷ್ಟಕ್ಕೇ ಮುಗಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ಕಾಕಾ ಪೆಟ್ಟಿಗೆಯನ್ನು ಅಲುಗಾಡಿಸಿ, "ಇದು ಹೋಗೂದುಲ್ಲ" ಎಂದರು.

ಯಾಕೆ ಎಂದೆ. ಭಾರ ಎಂದರು. ಒಂದು ಕ್ವಿಂಟಲಿಗೆ ಹತ್ತಿರವಿತ್ತು. ರೈಲಿಗೆ ಅದೇನು ಭಾರ, ಲಾರಿಗೆ ಅದೇನು ಭಾರ ಎಂದು ನಾನು ಏರುದನಿಯಲ್ಲಿ ಕೇಳಿದೆ. ಮೂರು ಭಾಗ ಮಾಡಿಕೊಂಡು ಬಾ, ಸ್ಟ್ಯಾಂಡು ಬೇರೆ, ಡ್ರಮ್ಮು ಬೇರೆ, ಗಾಲಿ ಬೇರೆ ಎಂದರು. ನಾನು ಎಲ್ಲವನ್ನೂ ಕೂಡಿಸಿ ವೆಲ್ಡಿಂಗ್ ಮಾಡಿದ್ದೆ. ಗಟ್ಟಿತನವೇ ಅದರ ಹೆಚ್ಚುಗಾರಿಕೆ ಎಂದು ಆರ್ಡರಿನವರಿಗೆ ಬರೆದಿದ್ದೆ. ನನಗೆ ಮೈಯೆಲ್ಲ ಉರಿಯಿತು.

"ಮಿಷಿನ್ ಮಾಡೂದು ನನಗ ಬಿಡ್ರಿ. ರಸೀದಿ ಬರಿಯೂದು ನಿಮ್ಮ ಕೆಲಸ, ಬರೀರಿ" ಎಂದೆ. ತಂದೆಯ ವಯಸ್ಸಿನವರಿಗೆ ಹಾಗೆ ಅಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅವರು ಸಿಟ್ಟಾಗಲಿಲ್ಲ. ಗೋಡೆಯ ಗೂಟಕ್ಕೆ ನೇತುಹಾಕಿದ್ದ ಪಟ್ಟಿ ತಂದು ನನ್ನ ಹಣೆಗೆ ಇಟ್ಟರು. ಇಬ್ಬರು ಹಮಾಲರು ಪೆಟ್ಟಿಗೆಯನ್ನು ನನ್ನ ಬೆನ್ನಿಗೆ ಹೊಂದಿಸಿದರು. "ಶೆಡ್ಡಿನ ಮೆಟ್ಟಲ ಹನ್ನೊಂದು ಅವ. ಏರಿಬಿಡು, ಈಗಿಂದೀಗ ಬರೀತೇನಿ" ಎಂದರು ಕಾಕಾ. ನನಗೆ ಇಪ್ಪತ್ತಾರು ವರ್ಷ, ಕಬ್ಬಿಣದ ಜೊತೆ ಬೆಳೆದ ಮೈ. ಎರಡನೆಯ ಮೆಟ್ಟಿಲಲ್ಲಿ ಮೊಣಕಾಲು ನಡುಗಿತು, ಮೂರನೆಯದರಲ್ಲಿ ಕುಸಿದೆ. ಹಮಾಲರು ಹಿಡಿದುಕೊಳ್ಳದಿದ್ದರೆ ಹಿಂದಕ್ಕೇ ಬೀಳುತ್ತಿದ್ದೆ. ಅವರೆಲ್ಲ ನಕ್ಕರು. ಕಾಕಾ ನಗಲಿಲ್ಲ. ಮುಖದಲ್ಲಿ ರಕ್ತವೇ ಇಲ್ಲದವರ ಹಾಗೆ ನಿಂತಿದ್ದರು.

"ಲಾರಿ ನಿಂತ ಮ್ಯಾಲ ಅಲ್ಲೆ ಎರಡು ದಿವಸದ ಏರು ಅದ, ತಮ್ಮಾ. ಹಿಂಗಽ ಹಣಿಗೆ ಪಟ್ಟಿ ಕೊಟ್ಟು ಹೊರಾಂವಗ ನಿನ್ನಷ್ಟೂ ಮೈ ಇರೂದುಲ್ಲ" ಎಂದರು.

ಪೆಟ್ಟಿಗೆಗಳನ್ನೆಲ್ಲ ಮತ್ತೆ ಹೇರಿ ಲಾರಿ ತಿರುಗಿಸಿದೆ. ಒಂದು ವಾರ ಯಂತ್ರಗಳನ್ನು ಕೊಯ್ದು, ತೂತು ಕೊರೆದು, ಬೋಲ್ಟು ಹಾಕಿ ಕೂಡಿಸುವಂತೆ ಮಾಡಿದೆವು. ನಲವತ್ತು ಪೆಟ್ಟಿಗೆ ನೂರಾ ಇಪ್ಪತ್ತಾದವು. ಅಂದರೆ ಹಳೆಯ ಕಾಗದಗಳೆಲ್ಲ ರದ್ದು. ಪೆಟ್ಟಿಗೆಯ ಎಣಿಕೆ ಒಂದು ಹೆಚ್ಚುಕಡಿಮೆಯಾದರೂ ಗಡಿಯಲ್ಲಿ ತಡೆಯುತ್ತಾರೆ. ತಡವಾಯಿತೆಂದು ನಾನು ಅಳುವ ಹಾಗಾಗಿದ್ದೆ. ಕಾಕಾ ನಾನು ಬರುವ ಮೊದಲೇ ಎಲ್ಲವನ್ನೂ ಹೊಸದಾಗಿ ಬರೆದಿಟ್ಟಿದ್ದರು, ಕಾರ್ಬನ್ ಹಾಕಿ ನಾಲ್ಕು ನಾಲ್ಕು ಪ್ರತಿ. "ನೀ ಬಂದೇ ಬರ್ತೀ ಅಂತ ಗೊತ್ತಿತ್ತು" ಎಂದಷ್ಟೇ ಹೇಳಿ, ಮೂರು ನಮೂನೆಯ ಪೆಟ್ಟಿಗೆಗಳಲ್ಲಿ ಒಂದೊಂದನ್ನು ತಾವೇ ಹೊತ್ತು ಹನ್ನೊಂದು ಮೆಟ್ಟಿಲು ಏರಿಳಿದರು. ಆಮೇಲೆ ಸಹಿ ಹಾಕಿದರು.

ಮಾಲು ಸುಗ್ಗಿಗೆ ನಾಲ್ಕು ದಿನ ಮೊದಲು ಮುಟ್ಟಿತು. ಮರುವರ್ಷ ಅರವತ್ತು ಯಂತ್ರ ಕೇಳಿದರು, ಅದರ ಮರುವರ್ಷ ಇನ್ನೂ ಹೆಚ್ಚು. ನನ್ನ ಕಾರ್ಖಾನೆ ಉಳಿಯಿತು. ಇವತ್ತು ನಾನು ಉಣ್ಣುತ್ತಿರುವ ಅನ್ನದಲ್ಲಿ ಕಾಕಾರ ಪಾಲಿದೆ ಎಂದು ಮನೆಯವರೆದುರು ಎಷ್ಟೋ ಸಲ ಹೇಳಿದ್ದೇನೆ.

ನಾಲ್ಕನೆಯ ವರ್ಷ ಅವರು ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ತುಂಬಿತ್ತು. ಝಳಕಿಯ ಮನೆಗೆ ನೋಡಲು ಹೋದಾಗ, ಅವರ ಹೆಂಡತಿ ಕಾಕು ಒಳಗೆ ಚಹಾ ಮಾಡುತ್ತಿದ್ದ ಹೊತ್ತಿನಲ್ಲಿ, ಕೇಳದೆಯೇ ಹೇಳಿದರು.

"ಸೊಲ್ಲಾಪುರದಾಗಿದ್ದಾಗ ಒಮ್ಮೆ ಮಾಲಿನ ಜೋಡಿ ನನ್ನೂ ನೇಪಾಳಕ್ಕ ಕಳಿಸಿದ್ರು. ಅಚ್ಚು ಹಾಕೂ ಛಾಪಖಾನೆದ ಮಿಷಿನ್. ದೊಡ್ಡ ಪೆಟಗಿ, ನಾನಽ ಕಟ್ಟಿಸಿದ್ದು. ಏರಿನ ಮ್ಯಾಲ ಹೊತ್ತಾಂವನ ಕಾಲು ಜಾರಿತು. ಕೆಳಗ ಹೊಳಿ. ನಾ ಮೊದಲ ಒದರಿದ್ದು ಪೆಟಗೀ ಸಲುವಾಗಿ, ತಮ್ಮಾ. ಅವನ ಹೆಸರು ಸೈತ ಕೇಳಿದ್ದಿಲ್ಲ."

ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು, ನನ್ನ ಕೈ ಹಿಡಿದು ಕೇಳಿದರು: "ನಿನ್ನ ಮಿಷಿನ್ ಹೊತ್ತವರೊಳಗ ಯಾರರೇ ಬಿದ್ದಾರೇನೋ?"

ನಾಲ್ಕು ವರ್ಷ ನಾನು ಕಾಗದ ಬರೆದಿದ್ದೆ. ಮಾಲು ಮುಟ್ಟಿತೇ, ಬೋಲ್ಟು ಸರಿಯಾಗಿವೆಯೇ, ಮುಂದಿನ ಆರ್ಡರು ಯಾವಾಗ ಎಂದೆಲ್ಲ ಕೇಳಿದ್ದೆ. ಇದೊಂದನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ.

"ಇಲ್ರಿ ಕಾಕಾರ. ಒಬ್ರೂ ಬಿದ್ದಿಲ್ಲ. ಅಲ್ಲಿ ಆಫೀಸಿನವ್ರು ಕಾಗದ ಬರದಾರ್ರಿ" ಎಂದೆ.

"ಛಲೋ ಆತು" ಎಂದು ಕಣ್ಣು ಮುಚ್ಚಿದರು.

ಸಿಂದಗಿಗೆ ಮರಳಿದ ದಿನವೇ ನನ್ನ ಮುರುಕು ಹಿಂದಿಯಲ್ಲಿ ಆ ಆಫೀಸಿಗೆ ಬರೆದೆ. ಹನ್ನೆರಡು ದಿನಕ್ಕೆ ಕಾಕಾ ತೀರಿಕೊಂಡರು. ಉತ್ತರ ಬಂದದ್ದು ಇನ್ನೂ ಒಂದು ತಿಂಗಳ ಮೇಲೆ. ಯಾರಿಗೂ ಪೆಟ್ಟಾಗಿಲ್ಲ ಎಂದು ಬರೆದಿದ್ದರು. ಹಗುರವಾಗಿರುತ್ತವೆಂದು ಹೊರುವವರು ನಿಮ್ಮ ಪೆಟ್ಟಿಗೆಗಳನ್ನೇ ಮೊದಲು ಆರಿಸಿಕೊಳ್ಳುತ್ತಾರೆ, ಈ ಪ್ರಶ್ನೆಯನ್ನು ನಮಗೆ ಇದುವರೆಗೆ ಯಾರೂ ಕೇಳಿರಲಿಲ್ಲ ಎಂದೂ ಇತ್ತು.

ಝಳಕಿಗೆ ಹೋಗಿ ಅದನ್ನು ಕಾಕುಗೆ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಆವತ್ತ ನೀ ಅವರ ಮುಂದ ಹೇಳಿದ್ಯಲ್ಲ, ಆ ಕಾಗದ ಇದಽ ಏನಪಾ? ಅದನ್ನ ಕೇಳಿದ ಮ್ಯಾಲೇ ನೋಡು ಅವರಿಗೆ ನಿದ್ದಿ ಹತ್ತಿದ್ದು."

"ಹೌದ್ರಿ ಕಾಕು, ಇದಽ" ಎಂದೆ.

ಅವರು ಕಾಗದವನ್ನು ಇಸಿದುಕೊಂಡು ಹೋಗಿ ದೇವರ ಮುಂದೆ ಇಟ್ಟರು. ಅದರ ಮೇಲಿದ್ದ ತಾರೀಖು ಕಾಕಾ ತೀರಿಕೊಂಡ ಮೇಲಿನದು.