ಫಿಲೋಮಿನಾ ಅಕ್ಕನ ಐದು ಹೆಸರುಗಳು

ಹಳಿಯಾಳದಲ್ಲಿ ನಮ್ಮ ಅಪ್ಪ ಗೂಳಪ್ಪನವರ ಬಡಿಗತನದ ಶೆಡ್ಡಿಗೆ ಫಿಲೋಮಿನಾ ಅಕ್ಕ ಬಂದದ್ದು ಮರದ ಹೊಟ್ಟು ಗುಡಿಸುವುದಕ್ಕೆ. ಸಾಂಬ್ರಾಣಿ ಊರಿನ ಕಡೆಯ ಸಿದ್ದಿ ಕೇರಿಯವರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅವರು ಟೇಬಲ್ ಗರಗಸದ ಆಚೆ ಬದಿಗೆ ನಿಂತು, ಸೀಳಿ ಬರುವ ಹಲಗೆಯನ್ನು ಹಿಡಿದುಕೊಳ್ಳುವ ಕೆಲಸ ಕಲಿತಿದ್ದರು.

ಟೇಬಲ್ ಗರಗಸವೆಂದರೆ ಒಂದು ಕಬ್ಬಿಣದ ಮೇಜು. ಅದರ ನಡುವಿನಿಂದ ದುಂಡನೆಯ ಬ್ಲೇಡ್ ಅರ್ಧ ಮೇಲೆ ಬಂದು ತಿರುಗುತ್ತದೆ. ಅಪ್ಪನಿಗೆ ಆ ಯಂತ್ರದ ಪ್ರತಿಯೊಂದು ಭಾಗವೂ ಬರೀ ‘ಅದು’. ಅದನ್ನ ಸರಸು, ಅದನ್ನ ಎತ್ತು, ಅದರ ಹಂತ್ಯಾಕ ಕೈ ಒಯ್ಯಬ್ಯಾಡ. ಫಿಲೋಮಿನಾ ಅಕ್ಕ ಒಮ್ಮೆ ಕೇಳಿಯೇಬಿಟ್ಟರು: “ಯಾವುದು ಅಣ್ಣಾರ? ನಿಮ್ಮ ‘ಅದು’ ದಿನಾ ಬ್ಯಾರೆ ಬ್ಯಾರೆ ಇರ್ತೈತಿ!”

ದಾಂಡೇಲಿಯಲ್ಲಿ ಬಡಿಗರಿಗೆ ಹತ್ತು ದಿನದ ತರಬೇತಿ ಇದೆಯೆಂದು ಗೊತ್ತಾದಾಗ ಅಪ್ಪ ನಕ್ಕರು. “ಮೂವತ್ತು ವರ್ಷ ಮರ ಕೊಯ್ದಾವಗ ಇವರೇನ ಕಲಸ್ತಾರ?”

“ಹಂಗಾದ್ರ ನಾ ಹೋಗ್ತೇನಿ” ಎಂದರು ಅಕ್ಕ. ಹೋದರು. ಬರುವಾಗ ಗರಗಸದ ಚಿತ್ರವಿದ್ದ ಒಂದು ಹಾಳೆ ತಂದರು. ಅದರ ಮೇಲೆ ಇಂಗ್ಲಿಷ್ ಹೆಸರುಗಳಿದ್ದವು.

“ತಂಗಿ, ನೀ ಬಿ.ಎ. ಓದಾಕಿ. ಇವನ್ನ ಕನ್ನಡದಾಗ ಬರದು ಕೊಡವಾ.”

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅಕ್ಷರ ಓದಿದೆ, ಅರ್ಥವಾಗಲಿಲ್ಲ. ಆ ಶೆಡ್ಡಿನ ದುಡಿಮೆಯಲ್ಲೇ ಬೆಳೆದ ನನಗೆ ನಾಚಿಕೆಯಾಯಿತು. ಅಕ್ಕ ನನ್ನನ್ನು ಯಂತ್ರದ ಬಳಿಗೆ ಕರೆದೊಯ್ದು, ಮೇನ್ ಸ್ವಿಚ್ ಆರಿಸಿ, ಒಂದೊಂದನ್ನೇ ಮುಟ್ಟಿ ತೋರಿಸಿದರು. ಹಲಗೆ ನೇರವಾಗಿ ಸಾಗಲೆಂದು ಪಕ್ಕದಲ್ಲಿ ಆನಿಕೆ ಕೊಡುವ ಉದ್ದನೆಯ ಪಟ್ಟಿಗೆ ಅವರೇ ‘ಬದು’ ಎಂದರು, ಹೊಲದ ಬದುವಿನ ಹಾಗೆ. ಬ್ಲೇಡಿನ ಮೇಲಿನದು ಮುಚ್ಚಳ. ಕೈಗೆ ಬದಲಾಗಿ ಹಲಗೆಯನ್ನು ದೂಡುವುದು ತಳ್ಳುಗೋಲು. ಬ್ಲೇಡಿನ ಬೆನ್ನಿಗೇ ನಿಲ್ಲುವ ತೆಳುವಾದ ಉಕ್ಕಿನ ತಗಡಿಗೆ ನಾನು ‘ಸೀಳುಪಟ್ಟಿ’ ಎಂದು ಹೆಸರಿಟ್ಟೆ.

“ಇದು ಯಾಕ ಬೇಕು?” ಎಂದು ಕೇಳಿದೆ.

“ಸೀಳಿದ ಮರ ಹಿಂದ ಮತ್ತ ಕೂಡಿಕೊಂಡು ಬ್ಲೇಡ್ ಹಿಡಕೊಂತೈತಿ ನೋಡು, ಆಗ ಹಲಗಿ ಎಮ್ಮಿ ಒದ್ದಂಗ ನಮ್ಮ ಮ್ಯಾಲೇ ಬರ್ತೈತಿ. ಅದರ ಕೂಡ ಕೈನೂ ಬ್ಲೇಡಿಗೆ ಹೋಗ್ತೈತಿ. ಈ ಪಟ್ಟಿ ಇದ್ರ ಸೀಳು ಕೂಡೂದಿಲ್ಲ.”

ಬ್ಲೇಡ್ ಸೇರಿ ಐದು ಹೆಸರಾದವು. ಅವನ್ನು ರಟ್ಟಿನ ಮೇಲೆ ಬರೆದು ಗೋಡೆಗೆ ಮೊಳೆ ಹೊಡೆದು ಹಾಕಿದೆ. ಅಂದಿನಿಂದ ಸ್ವಿಚ್ ಒತ್ತುವ ಮುಂಚೆ ಅಕ್ಕ ಐದನ್ನೂ ಮುಟ್ಟಿ, ಗಟ್ಟಿಯಾಗಿ ಹೆಸರು ಹೇಳುತ್ತಿದ್ದರು. ಅಪ್ಪ “ಜಪ ಮುಗೀತೇನವಾ?” ಎಂದು ಚಾಷ್ಟಿ ಮಾಡುತ್ತಿದ್ದರು.

ಕಳೆದ ವರ್ಷ, ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಗೆ ಅಪ್ಪ ಎಲ್ಲ ಬಡಿಗರಂತೆ ಯಂತ್ರವನ್ನು ತೊಳೆದು ಒರೆಸಿದರು. ಬ್ಲೇಡಿಗೇ ಕುಂಕುಮ ಹಚ್ಚಬೇಕಲ್ಲ, ಹಾಗಾಗಿ ಮುಚ್ಚಳವನ್ನೂ ಅದನ್ನು ಹೊತ್ತ ಸೀಳುಪಟ್ಟಿಯನ್ನೂ ಬಿಚ್ಚಿದರು. ಹಬ್ಬ ಮುಗಿದ ಮರುದಿನ ಮತ್ತಿ ಮರದ ಬಾಗಿಲ ಚೌಕಟ್ಟಿನ ಕೆಲಸ ಅವಸರದಲ್ಲಿತ್ತು. ಅಪ್ಪ ಹಲಗೆಯನ್ನು ಮೇಜಿಗೇರಿಸಿ ಸ್ವಿಚ್ಚಿಗೆ ಕೈ ಚಾಚಿದರು. ಅಕ್ಕ ಓಡಿಬಂದು ಮೇನ್ ಆರಿಸಿದರು.

“ಹೆಸರ ಹೇಳ್ರಿ ಅಣ್ಣಾರ.”

“ತಲಿ ಕೆಟ್ಟೈತೇನ ನಿಂಗ? ಹತ್ತ ದಿನ ಟ್ರೇನಿಂಗ್ ಹೋಗಿ ನನಗ ಮಾಸ್ತರಿಕಿ ಮಾಡ್ತಿ?”

“ನಾಳಿಂದ ಕೆಲಸಕ್ಕ ಬರಬ್ಯಾಡ ಅಂದ್ರೂ ಚಿಂತಿಲ್ಲ. ಇವತ್ತ ಹೆಸರ ಹೇಳ್ರಿ.”

ಊಟದ ಬುತ್ತಿ ಹಿಡಿದು ಬಂದಿದ್ದ ನಾನು ಬಾಗಿಲಲ್ಲೇ ನಿಂತೆ. ಅಪ್ಪ ಸಿಟ್ಟಿನಿಂದಲೇ ಎಣಿಸಿದರು. “ಬ್ಲೇಡ್. ಬದು. ತಳ್ಳುಗೋಲು. ಮುಚ್ಚಳ...” ಅಲ್ಲಿಗೆ ಅವರ ಕೈ ಬರಿಗಾಳಿಯನ್ನು ಮುಟ್ಟಿತು. ಮುಚ್ಚಳವೂ ಇಲ್ಲ, ಸೀಳುಪಟ್ಟಿಯೂ ಇಲ್ಲ. ಎರಡೂ ಪೂಜೆಯ ತಟ್ಟೆಯ ಪಕ್ಕದಲ್ಲಿ, ಬಾಡಿದ ಚೆಂಡು ಹೂವಿನ ಕೆಳಗೆ ಬಿದ್ದಿದ್ದವು.

ಅಪ್ಪ ಅವನ್ನು ತಂದು ಜೋಡಿಸಿದರು. ಹಲಗೆ ಅರ್ಧ ಸೀಳುವಷ್ಟರಲ್ಲಿ ಗರಗಸದ ದನಿ ಬದಲಾಯಿತು. ಪೂರ್ತಿ ಒಣಗಿರದ ಮತ್ತಿ ಹಿಂದುಗಡೆ ಕೂಡಿಕೊಂಡು ಸೀಳುಪಟ್ಟಿಯನ್ನು ಕಚ್ಚಿ ಹಿಡಿದು ನಿಂತಿತ್ತು. ಅಪ್ಪ ಯಂತ್ರ ನಿಲ್ಲಿಸಿದರು. ಸುತ್ತಿಗೆಯಿಂದ ಸೀಳಿನೊಳಗೆ ಬೆಣೆ ಹೊಡೆದರೂ ಮರ ಬೇಗ ಬಿಡಲಿಲ್ಲ. ಆ ಪಟ್ಟಿ ಇಲ್ಲದಿದ್ದರೆ ಅದು ಕಚ್ಚುತ್ತಿದ್ದದ್ದು ತಿರುಗುವ ಬ್ಲೇಡನ್ನು. ಅಪ್ಪ ತಮ್ಮ ಎಡಗೈಯನ್ನು ಮುಂದೆ ಹಿಡಿದು ಬಹಳ ಹೊತ್ತು ನೋಡಿದರು.

“ಫಿಲೋಮಿನಾ, ಚಾ ಕುಡಿಯೂಣು ನಡಿಯವಾ” ಎಂದಷ್ಟೇ ಹೇಳಿದರು. ಅಂದು ಅವರೇ ಹೋಗಿ ಚಹಾ ತಂದು, ಮೊದಲ ಕಪ್ಪನ್ನು ಅಕ್ಕನ ಕೈಗೆ ಕೊಟ್ಟರು.

ಆ ಇಬ್ಬರ ಕೈಗಳ ದುಡಿಮೆಯಿಂದ ನನ್ನ ಪದವಿ ಮುಗಿಯಿತು. ಪ್ರಮಾಣಪತ್ರ ಬಂದ ದಿನ ನಾನು ಅಪ್ಪನ ಕಾಲಿಗೆ ಬಿದ್ದು, ಆಮೇಲೆ ಅಕ್ಕನ ಕಾಲಿಗೂ ಬಾಗಿದೆ. “ಏಳ ತಂಗಿ, ಹೊಟ್ಟು ಹತ್ತತೈತಿ ಮೈಗೆ” ಎಂದು ಎಬ್ಬಿಸಿದರು.

ಈ ವರ್ಷದ ಖಂಡೇ ಪೂಜೆಗೆ ಅಪ್ಪ ಏನನ್ನೂ ಬಿಚ್ಚಲಿಲ್ಲ. ಮುಚ್ಚಳದ ಮೇಲೆಯೇ ಕುಂಕುಮ ಹಚ್ಚಿದರು. ಚೆಂಡು ಹೂವನ್ನು ಅಕ್ಕನಿಗೆ ಕೊಟ್ಟು, “ನೀನ ಏರಿಸವಾ” ಎಂದರು. ಅಕ್ಕ ಒಂದೊಂದೇ ಹೆಸರು ಹೇಳುತ್ತಾ ಐದು ಕಡೆ ಐದು ಹೂ ಇಟ್ಟರು.