ಎಡಪಕ್ಕೆ, ಹಿಂದಿನಿಂದ ಮುಂದಕ್ಕೆ

ಸತ್ತವರ ಗಾಯವನ್ನು ನಮ್ಮ ಮೈಮೇಲೆ ಮುಟ್ಟಿ ತೋರಿಸಬಾರದು. ಚಿಕ್ಕಂದಿನಲ್ಲಿ ಮರೆತು ತೋರಿಸಿದರೆ ಅವ್ವ ಕೈಮೇಲೆ ಹೊಡೆದು "ಬಿಡ್ತು ಅನ್ನು" ಎನ್ನುತ್ತಿದ್ದಳು. ಗೋಡೆಯ ಮೇಲೋ ಗಾಳಿಯಲ್ಲೋ ತೋರಿಸಬೇಕು, ಇಲ್ಲವಾದರೆ ಆ ಗಾಯ ನಮಗೇ ಬರುತ್ತದೆ ಎಂದು. ನೀವು ನಗುತ್ತೀರಿ, ನಗಿ. ನಾನು ಒಮ್ಮೆ ಅದನ್ನು ಮೀರಿದೆ. ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಸೂಳೆಕೆರೆಯ ಕೆಳಗಿನ ಊರು. ನ್ಯಾಮತಿಗೆ ಕೊಟ್ಟಿದ್ದರು. ಸೀಮೆಎಣ್ಣೆಯೂ ಸಿಗದ ಯುದ್ಧದ ಕಾಲದಲ್ಲಿ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದೆ. ಒಂದು ಬೆಳಿಗ್ಗೆ ಅಣ್ಣನಿಗೆ ಬುತ್ತಿ ತೆಗೆದುಕೊಂಡು ಗದ್ದೆಗೆ ಹೋದೆ. ಕಾಲುವೆ ನೀರಿನ ಸರದಿ ನಮ್ಮದಿತ್ತು. ಪಕ್ಕದ ಗದ್ದೆಯವನು ಬದು ಒಡೆದು ನೀರನ್ನು ತನ್ನ ಕಡೆ ತಿರುಗಿಸಿಕೊಂಡಿದ್ದ. ನಾವು ಅವನನ್ನು ಮಾವ ಎಂದೇ ಕರೆಯುತ್ತಿದ್ದೆವು.

"ನೀರು ನಮ್ದು ಮಾವ. ಮಣ್ಣು ಹಾಕು" ಎಂದ ಅಣ್ಣ.

"ನಿಮ್ಮಪ್ಪ ಕಟ್ಟಿಸಿದ ಕೆರೆ ಏನಲೇ ಇದು?"

"ನಿಮ್ಮಪ್ಪಂದೂ ಅಲ್ಲ. ಹಾಕು."

"ಹಾಕ್ತೀನಿ ತಡಿ, ನಿನ್ ಬಾಯಿಗೆ."

ಹಾಗೆಂದವನೇ ಗುದ್ದಲಿ ತಿರುವಿ ಅದರ ಮರದ ಕಾವಿನಿಂದ ಅಣ್ಣನ ಕಿವಿಯ ಮೇಲೆ ಹೊಡೆದ. ಕಿವಿ ಹರಿದು ಜೋತಾಡಿತು. ಅವನು ಎರಡನೇ ಸಲ ಗುದ್ದಲಿ ಎತ್ತಿದಾಗ, ಹುಲ್ಲು ಕೊಯ್ಯಲು ತಂದಿದ್ದ ಕುಡುಗೋಲು ಅಣ್ಣನ ಬಲಗೈಯಲ್ಲಿತ್ತು. ಎದುರಿಗೇ ನಿಂತು ಬೀಸಿದ. ಕುಡುಗೋಲು ಡೊಂಕು. ಅದು ಮಾವನ ಎಡಪಕ್ಕೆಯನ್ನು ಬಳಸಿ ಹೋಗಿ, ತುದಿ ಹಿಂಬದಿಯಲ್ಲಿ ನೆಟ್ಟಿತು. ಅಣ್ಣ ತನ್ನ ಕಡೆಗೆ ಎಳೆದ. ಚೀಲ ಹರಿದ ಹಾಗೆ ಸದ್ದಾಯಿತು. ಮಾವ ಕೂತುಕೊಂಡ. ಹೊರಗೆ ಬಂದ ಕರುಳನ್ನು ಎರಡೂ ಕೈಯಲ್ಲಿ ಒಳಗೆ ತಳ್ಳಿಕೊಳ್ಳುತ್ತ ನನ್ನನ್ನು ನೋಡಿ, "ಕಟ್ಟವ್ವಾ, ಬಿಗಿಯಾಗಿ ಕಟ್ಟು" ಎಂದ. ನಾನು ಸೆರಗು ಹರಿದು ಕಟ್ಟಿದೆ. ಬಟ್ಟೆ ನಿಲ್ಲಲಿಲ್ಲ. ಆಸ್ಪತ್ರೆಗೆ ಹೊರಟ ಗಾಡಿ ಚನ್ನಗಿರಿ ಮುಟ್ಟುವ ಮೊದಲೇ ಅವನ ಜೀವ ಹೋಯಿತು.

ಬಗ್ಗಿ ನೀರು ಕಟ್ಟುತ್ತಿದ್ದವನನ್ನು ಅಣ್ಣ ಹೊಂಚು ಹಾಕಿ ಹಿಂದಿನಿಂದ ಕಡಿದ ಎಂದು ಮಾವನ ಕಡೆಯವರು ದೂರು ಕೊಟ್ಟರು. ಹಾಗೆ ಸಾಬೀತಾದರೆ ಅಣ್ಣನಿಗೆ ನೇಣು. ಎದುರುಬದುರು ಜಗಳದಲ್ಲಿ ಆದದ್ದು ಎಂದಾದರೆ ಜೈಲು. ನೋಡಿದವಳು ನಾನೊಬ್ಬಳೇ.

ಮೊದಲ ವಿಚಾರಣೆ ನಡೆದ ಅಮಲ್ದಾರರ ಕಚೇರಿಯಲ್ಲಿ ಡಾಕ್ಟರು ತಾವು ಹೆಣ ನೋಡಿ ಬರೆದ ಕಾಗದ ಓದಿದರು. ಗಾಯ ಎಡಪಕ್ಕೆಯ ಹಿಂಬದಿಯಲ್ಲಿ ಶುರುವಾಗಿ ಹೊಟ್ಟೆಯ ಮುಂಬದಿಗೆ ಬಂದಿದೆ. ಎಡ ಎಂದರೆ ನೋಡುವವರ ಎಡವಲ್ಲ, ಸತ್ತವನ ಎಡ. ಮೇಲೆ ಎಂದರೆ ತಲೆಯ ಕಡೆ, ಕೆಳಗೆ ಎಂದರೆ ಕಾಲಿನ ಕಡೆ, ಹೆಣ ಮಲಗಿದ್ದರೂ ಅಷ್ಟೇ. ಮೈಯನ್ನು ನಿಲ್ಲಿಸಿಕೊಂಡೇ ಯೋಚಿಸಬೇಕು ಎಂದರು.

"ಹಿಂಬದಿ ಅಂತ ಡಾಕ್ಟರೇ ಬರೆದಿದಾರೆ" ಎಂದರು ಅಮಲ್ದಾರರು. "ನೀನು ಎದುರಿಗೆ ನಿಂತು ಹೊಡೆದ ಅಂತೀಯ. ಹೇಗಮ್ಮ?"

"ಹಿಂಗೆ ಬಂದು... ಹಿಂಗೆ ಸ್ವಾಮಿ." ಕಚೇರಿಯ ಕಂಬವನ್ನು ಬಳಸಿ ಕೈ ತೋರಿಸಿದೆ.

"ಕಂಬಕ್ಕೆ ಬೆನ್ನು ಯಾವ ಕಡೆ ಐತವ್ವ?" ಎಂದು ಸತ್ತವನ ತಮ್ಮ ಕೂಗಿದ. ಜನ ನಕ್ಕರು. ಕಂಬಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ.

"ನಿನ್ನ ಮೈಮೇಲೇ ತೋರಿಸಿಬಿಡು" ಎಂದರು ಅಮಲ್ದಾರರು.

ಬಾಗಿಲಲ್ಲಿದ್ದ ಅವ್ವ ಚೀರಿದಳು. "ಬ್ಯಾಡ ಸ್ವಾಮಿ, ಬಸುರಿ ಐದಾಳೆ! ಗ್ವಾಡೆ ಮ್ಯಾಲೆ ತೋರ್ಸೇ!"

ಒಳಗೆ ಮಗು ಮಿಸುಕಾಡಿತು. ಪೊಲೀಸರ ಪಕ್ಕ ನಿಂತಿದ್ದ ಅಣ್ಣನ ಕಿವಿಯ ಗಾಯ ಕೀವಾಗಿ ಕತ್ತಿನ ಮೇಲೆ ಇಳಿಯುತ್ತಿತ್ತು. ನಾನು ಬೆರಳನ್ನು ಡೊಂಕು ಮಾಡಿ, ಹೊಟ್ಟೆಯನ್ನು ಬಳಸಿ ಎಡಪಕ್ಕೆಯ ಹಿಂದಕ್ಕೆ ಒತ್ತಿ, ಹೊಕ್ಕಳಿನ ತನಕ ಎಳೆದೆ. ಅವ್ವ ತಲೆ ತಲೆ ಚಚ್ಚಿಕೊಂಡಳು.

ಬಾಯಿ ಬಿಡಬೇಡ ಎಂದು ನಮ್ಮವರು ಹೇಳಿಕೊಟ್ಟಿದ್ದರಿಂದ ಅಣ್ಣ ಅಲ್ಲಿಯತನಕ ಸುಮ್ಮನಿದ್ದ. ಈಗ, ದನ ಕಟ್ಟುವ ಗೂಟ ತೋರಿಸುವವನಂತೆ, "ಅಲ್ಲಲ್ಲ ತಂಗೀ, ಇನ್ನೊಂದಿಷ್ಟು ಕೆಳಗೆ" ಎಂದ.

ಗುಮಾಸ್ತ ತಲೆಯೆತ್ತಿ ಅಣ್ಣನನ್ನು ನೋಡಿ, ಅದನ್ನೂ ಬರೆದುಕೊಂಡ. ಡಾಕ್ಟರು ಕಾಗದ ನೋಡಿ, "ಹೌದು, ಪಕ್ಕೆಲುಬು ಮುಗಿದ ಮೇಲೆ" ಎಂದರು. ಆಮೇಲೆ ಗುಮಾಸ್ತನನ್ನು ತಮ್ಮ ಎದುರು, ಹಿಂದೆ ಎರಡು ಕಡೆಯೂ ನಿಲ್ಲಿಸಿ, ಬಲಗೈಯ ಕುಡುಗೋಲು ಹಿಂದಿನಿಂದ ಬಂದಿದ್ದರೆ ಬಲಪಕ್ಕೆಗೆ ಬೀಳುತ್ತಿತ್ತು ಎಂದು ಅಮಲ್ದಾರರಿಗೆ ತೋರಿಸಿದರು.

ಮುಂದೆ ದೊಡ್ಡ ಕೋರ್ಟಿನಲ್ಲಿ ಅಣ್ಣನಿಗೆ ನೇಣು ತಪ್ಪಿತು, ಜೈಲಾಯಿತು. ನನಗೆ ಹೆರಿಗೆಯಾದಾಗ ಅವ್ವ ಗಂಡೋ ಹೆಣ್ಣೋ ನೋಡಲಿಲ್ಲ. ಮಗುವನ್ನು ಮಗುಚಿ ಎಡಪಕ್ಕೆಯನ್ನು ಸವರಿ ನೋಡಿದಳು. ಏನೂ ಇರಲಿಲ್ಲ. ಅದೇ ನಿಮ್ಮಪ್ಪ.

ಅಣ್ಣ ಬಿಡುಗಡೆಯಾಗಿ ಬಂದಾಗ ನಿಮ್ಮಪ್ಪ ಓಡಾಡುವ ಹುಡುಗ. "ಎತ್ತಿಕೋ, ನಿನ್ನ ಅಳಿಯ" ಎಂದೆ. ಎತ್ತಿಕೊಳ್ಳಬೇಕೆಂದರೆ ಎರಡು ಪಕ್ಕೆಗೂ ಕೈ ಹಾಕಬೇಕಲ್ಲ. ಅಣ್ಣ ಬಗ್ಗಿದ, ಕೈ ಚಾಚಿದ, ಹಾಗೇ ಹಿಂದಕ್ಕೆ ಎಳೆದುಕೊಂಡ. ಕೊನೆಗೆ ನೆತ್ತಿ ಮುಟ್ಟಿ ಎದ್ದು ಹೋದ.